ಹೇಳುವ ಬಾಯಿ, ಕೇಳುವ ಕಿವಿ: ಮೂರು ಕೃತಿಗಳಲ್ಲಿ ಸಲಿಂಗಾನುರಾಗದ ನಿವೇದನೆ

ಒಂದು ಸಮಾಜದ ಔದಾರ್ಯವನ್ನು ಅಳೆಯಬೇಕಾದರೆ ಅದು ಏನನ್ನು ಸಹಿಸಿಕೊಳ್ಳುತ್ತದೆ ಎಂಬುದನ್ನಷ್ಟೇ ನೋಡಿದರೆ ಸಾಲದು. ಏನನ್ನು ಕೇಳಿಸಿಕೊಳ್ಳುತ್ತದೆ ಎಂಬುದನ್ನೂ ನೋಡಬೇಕು. ಸಹನೆಗೆ ಮೌನ ಸಾಕು; ಸ್ವೀಕಾರಕ್ಕೆ ಮಾತು ಬೇಕು. ತನ್ನ ಪ್ರೀತಿ ಸ್ವಲಿಂಗದವರ ಕಡೆಗೆ ಹರಿಯುತ್ತದೆಂದು ವ್ಯಕ್ತಿಯೊಬ್ಬರು ಬಾಯಿಬಿಟ್ಟು ಹೇಳಿದಾಗ, ಹೇಳಿದವನು ಗಂಡಾದರೆ ಲೋಕ ಒಂದು ಅರ್ಥವನ್ನೂ ಹೇಳಿದವಳು ಹೆಣ್ಣಾದರೆ ಬೇರೊಂದು ಅರ್ಥವನ್ನೂ ಕಲ್ಪಿಸಿಕೊಳ್ಳುತ್ತದೆ. ಈ ಭೇದದ ಸ್ವರೂಪವನ್ನು ಅರಿಯುವುದಕ್ಕೆ ಪುಣೆಯಲ್ಲಿ ನೆಲೆಸಿದ ಕನ್ನಡ ವಾಚಕನಿಗೆ ಒಂದು ಅನುಕೂಲವಿದೆ. ಮರಾಠಿ ಅವನ ನೆರೆಯ ಭಾಷೆ; ಕನ್ನಡ ಅವನ ಮನೆಯ ಭಾಷೆ. ವಿಜಯ ತೆಂಡುಲ್ಕರರ ನಾಟಕ 'ಮಿತ್ರಾಚೀ ಗೋಷ್ಟ' (೧೯೮೧), ಸಚಿನ್ ಕುಂಡಲ್ಕರರ ಕಾದಂಬರಿ 'ಕೋಬಾಲ್ಟ್ ಬ್ಲೂ' (೨೦೦೬), ವಸುಧೇಂದ್ರರ ಕಥಾಸಂಕಲನ 'ಮೋಹನಸ್ವಾಮಿ' (೨೦೧೩) ಇವು ಮೂರನ್ನೂ ಒಟ್ಟಿಗಿಟ್ಟು ಓದಿದರೆ, ಬಿಡಿಬಿಡಿಯಾಗಿ ಓದಿದಾಗ ಕಾಣದ ಒಂದು ಸತ್ಯ ಗೋಚರವಾಗುತ್ತದೆ.

ತೆಂಡುಲ್ಕರರ ನಾಟಕ ನಡೆಯುವುದು ಸ್ವಾತಂತ್ರ್ಯಪೂರ್ವದ ಪುಣೆಯ ವಿದ್ಯಾರ್ಥಿಲೋಕದಲ್ಲಿ. ಕಾಲೇಜಿನ ನಾಟಕವೊಂದರಲ್ಲಿ ಗಂಡುಪಾತ್ರ ಧರಿಸಿದ ಸುಮಿತ್ರೆ, ಅಂದರೆ ಮಿತ್ರಾ, ತನ್ನೊಡನೆ ಅಭಿನಯಿಸಿದ ನಮಾ ಎಂಬ ಹುಡುಗಿಯಲ್ಲಿ ಅನುರಕ್ತಳಾಗುತ್ತಾಳೆ. ರಂಗದ ಮೇಲೆ ಚಪ್ಪಾಳೆ ಗಿಟ್ಟಿಸಿದ ಪ್ರಣಯವೇ ರಂಗದ ಕೆಳಗೆ ಅಪರಾಧವಾಗುತ್ತದೆ. ಇಂತಹ ವಸ್ತುವನ್ನು ಆ ಕಾಲದಲ್ಲಿ ಪ್ರೇಕ್ಷಕರ ಮುಂದಿಟ್ಟ ನಾಟಕಕಾರನ ಧೈರ್ಯ ಸಾಮಾನ್ಯವಾದುದಲ್ಲ. ಆದರೆ ಕಥೆಯನ್ನು ಹೇಳುವವಳು ಮಿತ್ರಾ ಅಲ್ಲ. ಅವಳನ್ನು ಮೊದಲು ಬಯಸಿ, ಅನಂತರ ಅವಳ ಗುಟ್ಟಿಗೆ ಪಾತ್ರನಾದ ಬಾಪು. ಹೆಸರಿನಲ್ಲಿಯೇ ಶ್ಲೇಷೆಯಿದೆ: ಅದು ಮಿತ್ರಾಳ ಕಥೆಯೂ ಹೌದು, ಮಿತ್ರನೊಬ್ಬನ ಕಥೆಯೂ ಹೌದು. ಹೆಣ್ಣಿನ ನಿವೇದನೆ ನಮ್ಮ ಕಿವಿಗೆ ತಲುಪುವುದು ಗಂಡಿನ ಬಾಯಿಯ ಮೂಲಕ. ಅವನ ಸಹಾನುಭೂತಿ ಬತ್ತಿದಾಗ ಅವಳ ಆಶ್ರಯವೂ ಬತ್ತುತ್ತದೆ. ಮಿತ್ರಾ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಇಲ್ಲಿ ನಾಟಕದ ಶಕ್ತಿಯೂ ಮಿತಿಯೂ ಒಂದೇ ಎಡೆಯಲ್ಲಿವೆ. ಅವಳ ಸಾವಿನ ಅನಿವಾರ್ಯತೆಯನ್ನು ತೆಂಡುಲ್ಕರರು ಮನಗಾಣಿಸಬಲ್ಲರು. ಅವಳ ಬಾಳಿನ ಸಾಧ್ಯತೆಯನ್ನು ಕಲ್ಪಿಸಲಾರರು.

ಕಾಲು ಶತಮಾನದ ತರುವಾಯ ಬಂದ ಕುಂಡಲ್ಕರರ ಕಾದಂಬರಿ ಈ ತೊಡಕನ್ನು ಬೇರೊಂದು ರೀತಿಯಲ್ಲಿ ಬಿಡಿಸುತ್ತದೆ. ಸಂಪ್ರದಾಯಸ್ಥ ಮರಾಠಿ ಮನೆಯೊಂದರ ಮೇಲಿನ ಕೋಣೆಗೆ ಬಾಡಿಗೆಗೆ ಬಂದ ತರುಣನನ್ನು ಆ ಮನೆಯ ಮಗ ತನಯನೂ ಮಗಳು ಅನುಜಾಳೂ ಪ್ರೀತಿಸುತ್ತಾರೆ. ಅನುಜಾ ಅವನೊಡನೆ ಓಡಿಹೋಗುತ್ತಾಳೆ. ಅವನು ಅವಳನ್ನೂ ತೊರೆದು ಮರೆಯಾಗುತ್ತಾನೆ. ಕಾದಂಬರಿಯ ಪೂರ್ವಾರ್ಧ ಅಣ್ಣನ ಮಾತು. ಉತ್ತರಾರ್ಧ ತಂಗಿಯ ಮಾತು. ಒಂದೇ ನಷ್ಟವನ್ನು ಎರಡು ಬಾರಿ ಹೇಳಿಸುವ ಈ ರಚನೆ ಬರಿಯ ತಂತ್ರವಲ್ಲ. ಅದೇ ಕೃತಿಯ ದರ್ಶನ. ತನಯನು ಆ ಕೋಣೆಗೆ ಹೋಗಿಬರುವುದನ್ನು ಯಾರೂ ಪ್ರಶ್ನಿಸುವುದಿಲ್ಲ. ಹುಡುಗನೊಬ್ಬ ಹುಡುಗನ ಕೋಣೆಯಲ್ಲಿರುವುದು ಲೋಕದ ಕಣ್ಣಿಗೆ ಸ್ನೇಹ. ಹೆಣ್ಣುಮಗಳು ಅದೇ ಮೆಟ್ಟಿಲು ಹತ್ತಿದರೆ ಮನೆತನದ ಮಾನವೇ ಅಲುಗುತ್ತದೆ. ಆದರೆ ಪ್ರೀತಿ ಮುರಿದ ದಿನ ಈ ಲೆಕ್ಕ ತಿರುವುಮುರುವಾಗುತ್ತದೆ. ಅನುಜಾಳ ದುಃಖ ಕಳಂಕವೆನಿಸಿದರೂ ಅದಕ್ಕೊಂದು ಹೆಸರುಂಟು. ಮನೆಯವರು ಅವಳನ್ನು ಬೈಯಬಹುದು, ಅವಳಿಗಾಗಿ ಅಳಬಹುದು. ತನಯನ ದುಃಖಕ್ಕೆ ಹೆಸರಿಲ್ಲ. ಅವನು ಪಕ್ಕದಲ್ಲಿಯೇ ಕುಳಿತು ತಂಗಿಯ ದುಃಖವನ್ನು ನೋಡಬೇಕು. ಗಂಡುತನವು ಅವನಿಗೆ ಗುಟ್ಟಿನ ಸ್ವಾತಂತ್ರ್ಯವನ್ನು ಕೊಟ್ಟು ಶೋಕದ ಸ್ವಾತಂತ್ರ್ಯವನ್ನು ಕಸಿದುಕೊಂಡಿತು. ಲಿಂಗಭೇದದ ಅನ್ಯಾಯ ಒಂದೇ ದಿಕ್ಕಿಗೆ ಹರಿಯುವುದಿಲ್ಲವೆಂಬುದನ್ನು ಇಷ್ಟು ಸಂಯಮದಿಂದ ತೋರಿಸಿದ ಕೃತಿಗಳು ವಿರಳ.

ಇವೆರಡರ ಬಳಿಕ ವಸುಧೇಂದ್ರರ ಕಡೆಗೆ ತಿರುಗಿದಾಗ ವಾಚಕನಿಗೆ ಮೊದಲು ಎದುರಾಗುವುದು ಲೇಖಕನ ನಿವೇದನೆ. ಮೋಹನಸ್ವಾಮಿಯ ಮೊದಲ ಕಥೆ ಪ್ರಕಟವಾದುದು ಗುಪ್ತನಾಮದಲ್ಲಿ. ೨೦೧೩ರಲ್ಲಿ ಪುಸ್ತಕ ಬಂದುದು ಸ್ವಂತ ಹೆಸರಿನಲ್ಲಿ. ಸಂಡೂರಿನ ಮಣ್ಣಿನಿಂದ ಬಂದು, ಸಾಫ್ಟ್‌ವೇರ್ ಉದ್ಯಮದಲ್ಲಿ ಸುಮಾರು ಎರಡು ದಶಕ ದುಡಿದ ಈ ಲೇಖಕರು, ಕನ್ನಡದಲ್ಲಿ ಈ ಅನುಭವಕ್ಕೆ ಉತ್ತಮಪುರುಷದ ಹೊಣೆಯನ್ನು ತಂದುಕೊಟ್ಟರು. ಅದೇ ವರ್ಷದ ಡಿಸೆಂಬರ್ ೧೧ರಂದು ಸರ್ವೋಚ್ಚ ನ್ಯಾಯಾಲಯವು ದಂಡಸಂಹಿತೆಯ ೩೭೭ನೆಯ ವಿಧಿಯನ್ನು ಎತ್ತಿಹಿಡಿಯಿತೆಂಬುದನ್ನು ನೆನೆದರೆ ಆ ಹೊಣೆಯ ಭಾರ ತಿಳಿಯುತ್ತದೆ. ರಶ್ಮಿ ತೇರದಾಳರ ಇಂಗ್ಲಿಷ್ ಅನುವಾದ ೨೦೧೬ರಲ್ಲಿ ಹೊರಬಂದಿತು.

ಕಥೆಗಳ ಬಲವಿರುವುದು ವಾದದಲ್ಲಿ ಅಲ್ಲ, ಮನೆವಾರ್ತೆಯ ವಿವರಗಳಲ್ಲಿ. ಪ್ರಿಯಕರ ಕಾರ್ತಿಕನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿ ಕಳೆದುಕೊಳ್ಳುವುದು ಒಂದು ಸಂಸಾರವನ್ನೇ. ಆದರೆ ಲೋಕ ಅದನ್ನು ಸಂಸಾರವೆಂದು ಎಣಿಸಿರಲಿಲ್ಲವಾದ್ದರಿಂದ ಸಾಂತ್ವನ ಹೇಳುವವರೂ ಇಲ್ಲ. ತನಯನ ಮೂಕಶೋಕಕ್ಕೆ ಇಲ್ಲಿ ಕನ್ನಡದ ನುಡಿ ದೊರೆತಿದೆ. ಹೆಣ್ಣಿನ ನಡೆನುಡಿಯ ಗ್ರಾಮೀಣ ತರುಣನೊಬ್ಬ ತನ್ನವರ ಕೈಯಲ್ಲಿಯೇ ಹತನಾಗುವ ಕಥೆಯೂ ಈ ಸಂಕಲನದಲ್ಲಿದೆ. ಅಲ್ಲಿ ಶಿಕ್ಷೆಯಾದುದು ಅವನ ಪ್ರೀತಿಗಲ್ಲ, ಅವನು ಗಂಡಿನ ಪದವಿಯಿಂದ ಕೆಳಗಿಳಿದನೆಂಬ ಭಾವನೆಗೆ. ಹೆಣ್ಣಿನಂತಾಗುವುದು ಅವನತಿಯೆಂದು ಬಗೆಯುವ ಸಮಾಜದಲ್ಲಿ ಇಂತಹ ಗಂಡಿನ ಅವಮಾನಕ್ಕೆ ಮೂಲ ಹೆಣ್ಣಿನ ಅವಮಾನವೇ. ಆದರೂ ಕಾರ್ತಿಕನ ವಧು ಬಹುಮಟ್ಟಿಗೆ ಮೋಹನಸ್ವಾಮಿಯ ಕಣ್ಣಿನಿಂದಲೇ ಕಾಣಿಸಿಕೊಳ್ಳುತ್ತಾಳೆ. ಏನನ್ನೂ ತಿಳಿಸದೆ ಯಾರಿಗೆ ಮದುವೆ ಮಾಡಲಾಯಿತೋ ಅವಳ ಮಾತಿಗೆ ಇನ್ನೂ ಸ್ವಲ್ಪ ಎಡೆ ದೊರೆತಿದ್ದರೆ ಚಿತ್ರ ಪೂರ್ಣವಾಗುತ್ತಿತ್ತು.

ಸವದತ್ತಿಯ ಯಲ್ಲಮ್ಮನ ಪರಂಪರೆ ಜೋಗತಿಯರಿಗೆ ಹಿಂದಿನಿಂದ ಒಂದು ಸ್ಥಾನವನ್ನು ಕೊಟ್ಟಿದೆ; ಮಂಜಮ್ಮ ಜೋಗತಿಯವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ೨೦೨೧ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ನಮ್ಮ ಸಂಸ್ಕೃತಿ ಉದಾರವೆಂಬುದಕ್ಕೆ ಇದನ್ನು ಪ್ರಮಾಣವಾಗಿ ಹೇಳುವುದುಂಟು. ಆದರೆ ಅದು ಲಿಂಗಭಾವದ ಮಾತು; ಅನುರಾಗದ ಮಾತು ಬೇರೆ. ದೇವಿಯ ಹೆಸರಿನಲ್ಲಿ ಹೆಣ್ಣುಡುಗೆ ತೊಟ್ಟವರಿಗೆ ಕೈಮುಗಿಯುವ ಊರು, ಗಂಡಾಗಿಯೇ ಉಳಿದು ಗಂಡನ್ನು ಪ್ರೀತಿಸುವವನಿಗೂ ಹೆಣ್ಣನ್ನು ಪ್ರೀತಿಸುವ ಹೆಣ್ಣಿಗೂ ಅಂತಹ ಗುಡಿಯನ್ನು ಕಟ್ಟಿಲ್ಲ.

ಈ ವಿಚಾರ ಪುಸ್ತಕಗಳಲ್ಲಿಯೇ ಮುಗಿಯುವುದಿಲ್ಲ. ಹಡಪಸರದ ಬಳಿ ಸುಮಾರು ೧೨೦ ರೈತ ಕುಟುಂಬಗಳು ತಮ್ಮ ೪೦೦ ಎಕರೆಗೂ ಮಿಕ್ಕ ಭೂಮಿಯನ್ನು ಒಟ್ಟುಗೂಡಿಸಿ ಕಟ್ಟಿಸಿದ ಮಗರಪಟ್ಟಾ ನಗರವನ್ನೇ ನೋಡಬಹುದು. ಕಬ್ಬಿನ ನೆಲದಲ್ಲಿ ಎದ್ದ ಸಾಫ್ಟ್‌ವೇರ್ ಕಚೇರಿಗಳನ್ನು ಅರಸಿ ಬಂದವರಲ್ಲಿ ಕನ್ನಡಿಗರೂ ಇದ್ದಾರೆ. ಅಲ್ಲಿ ಇಬ್ಬರು ತರುಣರು ಒಂದೇ ಫ್ಲ್ಯಾಟಿನಲ್ಲಿದ್ದರೆ ಅವರು ಬ್ರಹ್ಮಚಾರಿಗಳು. ಇಬ್ಬರು ತರುಣಿಯರಿದ್ದರೆ ಗೆಳತಿಯರು. ಯಾರೂ ಕೇಳುವುದಿಲ್ಲ. ಆದರೆ ಕೇಳದಿರುವುದು ಒಪ್ಪಿಕೊಂಡಂತಲ್ಲ. ಮೇಲಿನ ಕೋಣೆ ಪಟ್ಟಣದಷ್ಟು ದೊಡ್ಡದಾಗಿದೆ, ಅಷ್ಟೆ. ಊರಿನಿಂದ ಜಾತಕ ಬಂದ ದಿನ ಆ ಮೌನ ಒಡೆಯುತ್ತದೆ. ಅಂದು ಮಗ 'ಒಲ್ಲೆ' ಎಂದರೆ ಕಾರಣ ಕೇಳುತ್ತಾರೆ. ಮಗಳು 'ಒಲ್ಲೆ' ಎಂದರೆ ಅದನ್ನು ನಾಚಿಕೆಯೆಂದೋ ಹಟವೆಂದೋ ತಿಳಿದು ಮುಹೂರ್ತ ನೋಡುತ್ತಾರೆ. ಗಂಡಿನ ನಿವೇದನೆಗೆ ಕೋಪ ಕಾದಿದೆ. ಹೆಣ್ಣಿನ ನಿವೇದನೆಗೆ ಅಪನಂಬಿಕೆ ಕಾದಿದೆ. ಕೋಪಗೊಂಡವನಾದರೂ ಮಾತನ್ನು ಕೇಳಿಸಿಕೊಂಡಿರುತ್ತಾನೆ.

೨೦೧೮ರ ಸೆಪ್ಟೆಂಬರ್ ೬ರ ತೀರ್ಪು ವಯಸ್ಕರ ಸಮ್ಮತಿಯ ಸಲಿಂಗಪ್ರೇಮವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ೨೦೨೩ರ ಅಕ್ಟೋಬರ್ ೧೭ರ ತೀರ್ಪು ಅದಕ್ಕೆ ವಿವಾಹದ ಮನ್ನಣೆ ಕೊಡಲೊಪ್ಪಲಿಲ್ಲ. ಕಾನೂನು ಭಯವನ್ನು ಕಡಿಮೆ ಮಾಡಬಲ್ಲದು, ಕಿವಿಯನ್ನು ಕೊಡಲಾರದು. ಕಿವಿಯನ್ನು ಹದಗೊಳಿಸುವುದು ಸಾಹಿತ್ಯದ ಕೆಲಸ. ಮಿತ್ರಾಳ ಕಥೆಯನ್ನು ಬಾಪು ಹೇಳಿದ. ತನಯ ತನ್ನಷ್ಟಕ್ಕೆ ತಾನು ಹೇಳಿಕೊಂಡ. ಮೋಹನಸ್ವಾಮಿಯ ಕಥೆಯನ್ನು ಅವನ ಕರ್ತೃ ಹೆಸರಿಟ್ಟು ಊರಿಗೆಲ್ಲ ಕೇಳುವಂತೆ ಹೇಳಿದರು. ಈ ಸಾಲಿನಲ್ಲಿ ಮಿತ್ರಾಳ ಸ್ಥಾನ ಇನ್ನೂ ತೆರವಾಗಿದೆ. ಅವಳು ತನ್ನ ಕಥೆಯನ್ನು ಕನ್ನಡದಲ್ಲಿ ತಾನೇ, ಸಾಯದೆ, ಹೇಳುವ ದಿನ ಬಂದಾಗ ಅದನ್ನು ನಂಬಿ ಕೇಳುವ ವಾಚಕವರ್ಗ ಸಿದ್ಧವಾಗಿರಬೇಕು. ತವರುನೆಲವನ್ನು ಬಿಟ್ಟುಬಂದವರಿಗೆ ಮನೆಯಿಲ್ಲದವರ ಮಾತು ಅರ್ಥವಾಗದಿದ್ದರೆ ಇನ್ನಾರಿಗೆ ಅರ್ಥವಾದೀತು?