ಘಟ ಹಾಕುವುದರೊಳಗೆ ಇಡೀ ಮನೆ

ಮಹಾನವಮಿ ಸಮೀಪಿಸಿತೆಂದರೆ ಕಾಖಂಡಕಿಯಲ್ಲಿ, ಬಬಲೇಶ್ವರ–ತಿಕೋಟಾ ಸೀಮೆಯ ಊರೂರಲ್ಲಿ ಮನೆಯ ಸಾಮಾನೆಲ್ಲ ಅಂಗಳಕ್ಕೆ ಬರುತ್ತದೆ. ಕೌದಿ, ಚಾದರ ಒಗೆಯಲು ಹೋಗುತ್ತವೆ, ಭಾಂಡೆಗಳು ಬಿಸಿಲಿಗೆ ಬೀಳುತ್ತವೆ, ಗೋಡೆಗೆ ಸುಣ್ಣ ಏರುತ್ತದೆ. ಪಾಡ್ಯದ ದಿನ ಘಟ ಹಾಕುವುದರೊಳಗೆ ಎಲ್ಲ ಮುಗಿಯಬೇಕು. ಊರಿಗೆಲ್ಲ ಒಂದೇ ಗಡುವು ಇರುವುದೇ ಈ ಪದ್ಧತಿಯ ದೊಡ್ಡ ಬಲ. ನಾಳೆ ಮಾಡೋಣ ಎಂದು ಮುಂದೂಡಲು ದಾರಿಯೇ ಇಲ್ಲ.

ಆದರೆ ಘಟದೊಳಗೆ ಇಡೀ ಮನೆ ಎಂಬ ಈ ಗುರಿ ಹುಟ್ಟಿದ್ದು ಹಳೆಯ ಮಾಳಿಗೆ ಮನೆಯಲ್ಲಿ. ಅಲ್ಲಿ ಪಡಸಾಲೆಯ ಗೋಡೆಗೆ ಮಾಡ, ಅರಿವೆಗೆ ಗೂಟ, ಹಾಲು–ಮೊಸರಿಗೆ ಜಂತಿಗೆ ಕಟ್ಟಿದ ನೆಲವು, ಕಾಳಿಗೆ ಹಗೇವು. ಜಾಗ ಇದ್ದಷ್ಟೇ ಸಾಮಾನು. ಸವೆದ ಸೀರೆ ಕೌದಿಯ ಪದರಾಗಿ ಸೇರಿಹೋಗುತ್ತಿತ್ತು. ತೆಗೆದು ತೊಳೆದು ತಿರುಗಿ ಇಟ್ಟರೆ ಮನೆ ಜೋಡಿಸಿದಂತೆಯೇ. ಈಗಿನ ಸ್ಲ್ಯಾಬಿನ ಮನೆಗೆ ಸಜ್ಜಾ ಬಂದಿದೆ, ತಿಜೋರಿ ಬಂದಿದೆ. ಹಳೇ ಮಿಕ್ಸಿ, ಮದುವೆಯಲ್ಲಿ ಬಂದ ಸ್ಟೀಲಿನ ಡಬ್ಬಿ, ಕೌದಿಗೆ ಒಗ್ಗದ ಪಾಲಿಯೆಸ್ಟರ್ ಸೀರೆ ಎಲ್ಲವೂ ಅಲ್ಲಿಗೇ. ವರ್ಷ ವರ್ಷ ಅವನ್ನು ಇಳಿಸಿ, ಒರೆಸಿ, ಮತ್ತೆ ಏರಿಸುತ್ತೇವೆ. ಸ್ವಚ್ಛವಾಗುತ್ತದೆ, ಕಡಿಮೆಯಾಗುವುದಿಲ್ಲ.

ಮನೆ ಜೋಡಿಸುವ ಹೊರಗಿನ ಸೂತ್ರಗಳೂ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಜಪಾನಿನ ಮಾರಿ ಕೊಂಡೊ 2011ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಡೀ ಮನೆಯನ್ನು ಒಂದೇ ಪಟ್ಟಿಗೆ, ವಸ್ತುವಿನ ಬಗೆಗೆ ತಕ್ಕಂತೆ ಜೋಡಿಸಲು ಹೇಳಿದರು. ಮೂರು ಮಕ್ಕಳಾದ ಮೇಲೆ, 2023ರಲ್ಲಿ, ತಮ್ಮ ಮನೆಯಲ್ಲಿ ಆ ಹಟ ಬಿಟ್ಟಿರುವುದಾಗಿ ಅವರೇ ಹೇಳಿಕೊಂಡರು. ಆ ಪ್ರಾಮಾಣಿಕತೆ ನನಗೆ ಅವರ ಪುಸ್ತಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ‘ವರ್ಷದಿಂದ ಮುಟ್ಟದ್ದನ್ನು ಬಿಸಾಡಿ’ ಎಂಬ ಇನ್ನೊಂದು ಜನಪ್ರಿಯ ಸಲಹೆಯನ್ನು ಕಾಖಂಡಕಿಯಲ್ಲಿ ಹೇಳಿ ನೋಡಿ! ಕಾರಹುಣ್ಣಿಮೆಯ ನಂತರದ ಕರಿಗೆ ಇಲ್ಲಿ ಎತ್ತು ಓಡಿಸುತ್ತಾರೆ. ಅವುಗಳ ಜೂಲ, ಗೆಜ್ಜೆಸರ, ಬಣ್ಣದ ಹಗ್ಗ ಹೊರಬರುವುದೇ ವರ್ಷಕ್ಕೊಮ್ಮೆ. ಆಹೇರಿಗೆಂದು ಕೂಡಿಟ್ಟ ಜಂಪರ್ ಪೀಸುಗಳ ಗಂಟೂ ಹಾಗೆಯೇ: ಒಂದು ಮನೆಯಿಂದ ಬಂದದ್ದು ಇನ್ನೊಂದು ಮನೆಗೆ ಹೋಗಬೇಕು. ಅದನ್ನು ಬಿಸಾಡುವಂತಿಲ್ಲ, ಒಂದು ಟ್ರಂಕಿಗಿಂತ ಹೆಚ್ಚು ಬೆಳೆಯಲು ಬಿಡಬಾರದು, ಅಷ್ಟೆ.

ನನ್ನ ನಿಜವಾದ ತಕರಾರು ಹೊರೆಯ ಬಗ್ಗೆ. ಇದೇ ಹೊತ್ತಿಗೆ ಎರೆ ಹೊಲದಲ್ಲಿ ಹಿಂಗಾರಿ ಬಿಳಿಜೋಳದ ಬಿತ್ತನೆ ಇರುತ್ತದೆ. ಹೊಲ ಮುಗಿಸಿ ಬಂದ ಹೆಣ್ಣುಮಗಳೇ ಕೌದಿ ಒಗೆಯಬೇಕು, ಉಪವಾಸವನ್ನೂ ಹಿಡಿಯಬೇಕು. ನೀರು ಕುಡಿದ ಒಂದು ಕೌದಿಯನ್ನು ಎತ್ತಿ ಹಿಂಡಲು ಇಬ್ಬರು ಬೇಕು. ಮನೆಯಲ್ಲಿ ಅಂಥವು ಎಷ್ಟಿರುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಇಷ್ಟನ್ನು ಒಂದು ವಾರದ ಗುರಿ ಎನ್ನುವುದು ಅನ್ಯಾಯ.

ಆದ್ದರಿಂದ ಮಹಾನವಮಿಗೆ ಹಾಸಿಗೆ, ದೇವರಮನೆ, ಅಡುಗೆಮನೆ ಸಾಕು. ಕಾಳಿನ ಕೋಣೆಯನ್ನು ಸುಗ್ಗಿಗೆ ಬಿಡಬಹುದು: ಹೊಸ ಜೋಳ ಬರುವ ಮುಂಚೆ ಹಳೇ ಚೀಲ ಝಾಡಿಸಿ, ಹುಳ ನೋಡಿ, ಬೇವಿನೆಲೆ ಹಾಕುವುದು ಹೇಗೂ ಇದ್ದೇ ಇದೆ. ಎತ್ತಿನ ಸಾಮಾನು ಕಾರಹುಣ್ಣಿಮೆಯ ಮುಂಚೆ ಇಳಿಯಲಿ, ಅರಿವೆಯ ತಿಜೋರಿ ಶ್ರಾವಣದಲ್ಲಿ. ಸಜ್ಜಾ ಮಾತ್ರ ಗಂಡಸರ ಪಾಲಿಗೆ ಬರಬೇಕು, ಏಕೆಂದರೆ ಅಲ್ಲಿ ತುಂಬಿರುವುದರಲ್ಲಿ ಪಂಪಿನ ವೈರು, ಡ್ರಿಪ್ ಪೈಪಿನ ತುಂಡು, ದ್ರಾಕ್ಷಿಗೆ ಹೊಡೆದು ಖಾಲಿಯಾದ ಔಷಧಿ ಕ್ಯಾನು ಅವರವೇ. ಆ ಕ್ಯಾನುಗಳು ಮೊದಲು ಮನೆಯಿಂದ ಹೊರಬೀಳಲಿ. ತೊಳೆದು ನೀರಿಗೆ, ಎಣ್ಣೆಗೆ ಬಳಸುವಂಥವಲ್ಲ ಅವು.