ವೈನಿಗೆ ಬೇಕಾದದ್ದು ತಪ್ಪದ ಹೊತ್ತು

ಮನೆಯಲ್ಲಿ ವೈನ್ ಮಾಡುವ ಆಸೆಯಿದ್ದೂ ಕೈಹಾಕದವರು ಸಾಮಾನ್ಯವಾಗಿ ಕೊಡುವ ಕಾರಣ, ಪುರುಸೊತ್ತಿಲ್ಲ ಎಂಬುದು. ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳ ಮಟ್ಟಿಗೆ ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಹೆಚ್ಚಾಗಿ ನಡೆಯುವುದು ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. ಶಾಲೆ ಆಗತಾನೆ ಶುರುವಾಗಿರುತ್ತದೆ, ಗಣಪತಿ ಹಬ್ಬ ಮುಗಿಯುವುದರೊಳಗೆ ನವರಾತ್ರಿಯ ಬೊಂಬೆ ಕೂರಿಸುವ ಗಡಿಬಿಡಿ, ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಆದರೂ ಕೂತು ಲೆಕ್ಕ ಹಾಕಿದರೆ ಬೇರೆಯದೇ ಚಿತ್ರ ಸಿಗುತ್ತದೆ. 23 ಲೀಟರಿನ ಒಂದು ಗಾಜಿನ ಜಾಡಿ, ಅಂದರೆ ಸುಮಾರು 30 ಬಾಟಲಿ ಕೆಂಪು ವೈನಿಗೆ ಇಡೀ ವರ್ಷ ಬೇಕಾಗುವ ಕೈಕೆಲಸವನ್ನೆಲ್ಲ ಒಟ್ಟುಗೂಡಿಸಿದರೂ ಎರಡು ಮೂರು ದಿನದ ದುಡಿಮೆಗಿಂತ ಹೆಚ್ಚಾಗುವುದಿಲ್ಲ. ತೊಡಕೇನೆಂದರೆ, ಆ ಕೆಲಸ ನಮಗೆ ಬಿಡುವಾದಾಗ ಬರುವುದಿಲ್ಲ, ತನ್ನ ಹೊತ್ತಿಗೆ ಬರುತ್ತದೆ. ಒಲೆಯ ಮೇಲಿನ ಹಾಲಿನ ಹಾಗೆ: ಕಾಯುವುದಕ್ಕೆ ಹೆಚ್ಚು ಹೊತ್ತೇನೂ ಬೇಡ, ಉಕ್ಕುವ ಗಳಿಗೆಯಲ್ಲಿ ಮಾತ್ರ ಯಾರಾದರೂ ಪಕ್ಕದಲ್ಲಿರಬೇಕು. ಸಂಸಾರಸ್ಥರು ವೈನ್ ಮಾಡುವುದಾದರೆ ಒಬ್ಬೊಬ್ಬರೇ ಮಾಡದೆ ಮೂರ್ನಾಲ್ಕು ಮನೆಯವರು ಕೂಡಿ ಮಾಡಬೇಕು ಎಂದು ನಾನು ವಾದಿಸುವುದು ಇದೇ ಕಾರಣಕ್ಕೆ.

ಮೊದಲ ವಾರವನ್ನೇ ನೋಡಿ. ತೊಟ್ಟು ಬಿಡಿಸಿ ಒಡೆದ ಹಣ್ಣಿಗೆ ಯೀಸ್ಟ್ ಹಾಕಿದ ಒಂದೆರಡು ದಿನಗಳಲ್ಲಿ ಹುದುಗು ಏಳುತ್ತದೆ. ಹೊರಬರುವ ಇಂಗಾಲದ ಡೈಆಕ್ಸೈಡ್ ಸಿಪ್ಪೆಯನ್ನೆಲ್ಲ ಮೇಲಕ್ಕೆತ್ತಿ, ರಸದ ಮೇಲೆ ಅಂಗೈ ಊರಿದರೂ ಬಗ್ಗದಂಥ ಗಟ್ಟಿ ಪದರ ಕಟ್ಟುತ್ತದೆ. ವೈನಿನ ಬಣ್ಣ, ಒಗರು ಹೆಚ್ಚಾಗಿ ಇರುವುದು ಆ ಸಿಪ್ಪೆಯಲ್ಲಿ. ಅದನ್ನು ದಿನಕ್ಕೆ ಎರಡು ಮೂರು ಸಲ ರಸದೊಳಕ್ಕೆ ಒತ್ತಿ ಮುಳುಗಿಸಬೇಕು. ಮುಳುಗಿಸದೆ ಬಿಟ್ಟರೆ ಪದರದೊಳಗೆ ಕಾವೇರುತ್ತದೆ, ಮೇಲ್ಭಾಗ ಒಣಗುತ್ತದೆ, ಗಾಳಿ ತಾಗಿದಲ್ಲಿ ಆಲ್ಕೋಹಾಲನ್ನು ವಿನೆಗರ್ ಮಾಡುವ ಬ್ಯಾಕ್ಟೀರಿಯಾ ಕೂರುತ್ತದೆ. ವೈನ್ ಕೆಡುವುದು ಹಣೆಬರಹದಿಂದಲ್ಲ, ಸೂಕ್ಷ್ಮಜೀವಿಗಳಿಂದ ಎಂದು ಲೂಯಿ ಪಾಶ್ಚರ್ 1866ರಲ್ಲೇ ಪುಸ್ತಕ ಬರೆದು ತೋರಿಸಿದ್ದಾನೆ. ಒಂದೊಂದು ಸಲಕ್ಕೆ ಐದು ನಿಮಿಷದ ಈ ಕೆಲಸ ವಾರದಿಂದ ಹತ್ತು ದಿನದವರೆಗೆ ಬೆಳಿಗ್ಗೆ ಸಂಜೆ ತಪ್ಪುವಂತಿಲ್ಲ. ಮಗುವಿಗೆ ಜ್ವರ ಬಂದ ದಿನ, ಆಫೀಸಿನಿಂದ ಬರುವುದು ತಡವಾದ ದಿನ ಒಂಟಿ ಕೈಯವರು ಸೋಲುವುದು ಇಲ್ಲೇ. ನಾಲ್ಕು ಮನೆಯವರು ಸರದಿ ಹಾಕಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು ಎರಡು ಮೂರು ದಿನ ಮಾತ್ರ.

ಇದು ನಾನು ಹೊಸದಾಗಿ ಕಂಡುಕೊಂಡ ಉಪಾಯವಲ್ಲ. ನ್ಯೂಯಾರ್ಕ್, ಷಿಕಾಗೊಗಳ ಇಟಲಿ ಮೂಲದ ಕುಟುಂಬಗಳು ನಡೆಸಿಕೊಂಡು ಬಂದದ್ದೇ ಹೀಗೆ. ಹಗಲೆಲ್ಲ ಕಾರ್ಖಾನೆಯಲ್ಲಿ, ಹಡಗುಕಟ್ಟೆಯಲ್ಲಿ ದುಡಿದು ಮನೆ ತುಂಬ ಮಕ್ಕಳಿದ್ದ ಆ ಜನರಿಗೆ ನಮಗಿಂತ ಹೆಚ್ಚು ಬಿಡುವಿತ್ತೆಂದು ಯಾರೂ ಹೇಳಲಾರರು. ನಂಟರು, ನೆರೆಯವರು ಕೂಡಿ ನೆಲಮಾಳಿಗೆಯಲ್ಲಿ ಹಣ್ಣು ಅರೆದು ಹಿಂಡುತ್ತಿದ್ದರು. 1920ರಲ್ಲಿ ಪಾನನಿಷೇಧ ಬಂದಾಗಲೂ ಮನೆಯಲ್ಲಿ ಹಣ್ಣಿನ ರಸ ಮಾಡಿಕೊಳ್ಳಲು ಆ ನಿಷೇಧವನ್ನು ಜಾರಿಗೊಳಿಸಿದ ವೋಲ್‌ಸ್ಟೆಡ್ ಕಾಯ್ದೆಯ 29ನೇ ಸೆಕ್ಷನ್ ಸಂದು ಬಿಟ್ಟಿತ್ತು. ಆ ಸಂದಿನಲ್ಲೇ ಕ್ಯಾಲಿಫೋರ್ನಿಯಾದ ದ್ರಾಕ್ಷಿ ರೈಲು ವ್ಯಾಗನ್‌ಗಳಲ್ಲಿ ಪೂರ್ವಕ್ಕೆ ಹರಿಯಿತು. ಅಲಿಕಾಂಟೆ ಬೂಷೆ ಎಂಬ ತಳಿಗೆ ಆಗ ಬೇಡಿಕೆ ಏರಿದ್ದು ರುಚಿಗಲ್ಲ, ಅದರ ದಪ್ಪ ಸಿಪ್ಪೆ ದೂರದ ಪ್ರಯಾಣ ತಡೆಯುತ್ತಿತ್ತು ಎಂಬುದಕ್ಕೆ. ತೆಳುಸಿಪ್ಪೆಯ ಒಳ್ಳೆಯ ತಳಿಗಳನ್ನು ಕಿತ್ತು ಅಲಿಕಾಂಟೆ ನೆಟ್ಟವರೂ ಇದ್ದರು. ಗುಣಮಟ್ಟದ ದೃಷ್ಟಿಯಿಂದ ಅದು ದೊಡ್ಡ ನಷ್ಟವೇ. ಆದರೂ ಕೂಡಿ ಮಾಡುವ ಪದ್ಧತಿಯನ್ನು ಆ ನೆಲಮಾಳಿಗೆಗಳು ಉಳಿಸಿಕೊಟ್ಟವು ಎಂಬ ಕೃತಜ್ಞತೆ ನನಗಿದೆ.

ಕೂಡಿ ಮಾಡಿದರೆ ಶ್ರಮ ಹಂಚಿಹೋಗುವುದಷ್ಟೇ ಅಲ್ಲ, ವೈನೂ ಮೇಲಾಗುತ್ತದೆ. ಹುದುಗು ಮುಗಿದ ಮೇಲೆ ವೈನಿಗೆ ಗಾಳಿಯೇ ಶತ್ರು. ಐದು ಲೀಟರಿನ ಪಾತ್ರೆಯಲ್ಲಿ ಗಾಳಿಗೆ ಒಡ್ಡಿಕೊಳ್ಳುವ ಪಾಲು ದೊಡ್ಡದು, ಐವತ್ತು ಲೀಟರಿನದರಲ್ಲಿ ಸಣ್ಣದು. ಗಸಿ ಬಿಟ್ಟು ತಿಳಿಯನ್ನು ಬೇರೆ ಜಾಡಿಗೆ ಇಳಿಸಿದಾಗಲೆಲ್ಲ ಮೇಲೆ ಜಾಗ ಖಾಲಿ ಬೀಳುತ್ತದೆ, ಅದನ್ನು ತುಂಬಲು ಬೇರೆ ವೈನ್ ಬೇಕು. ಹೆಚ್ಚು ಮಾಡಿದವರಲ್ಲಿ ಅದು ಇರುತ್ತದೆ. ಹಣ್ಣು ಹಿಂಡುವ ಪ್ರೆಸ್ಸಿನಂಥ, ವರ್ಷಕ್ಕೊಮ್ಮೆ ಬೇಕಾಗುವ ಸಾಮಾನನ್ನು ಮನೆಗೊಂದರಂತೆ ಕೊಳ್ಳುವುದರಲ್ಲೂ ಅರ್ಥವಿಲ್ಲ.

ಸಾಂದ್ರೀಕರಿಸಿದ ರಸದ ಕಿಟ್ ತಂದರೆ ಒಬ್ಬರೇ ಮಾಡಬಹುದಲ್ಲ ಎನ್ನುವವರಿದ್ದಾರೆ. ಖಂಡಿತ ಮಾಡಬಹುದು, ಒಂದೆರಡು ತಿಂಗಳಲ್ಲಿ ಬಾಟಲಿಗೂ ತುಂಬಬಹುದು. ಆದರೆ ಅನೇಕ ಕಿಟ್‌ಗಳಲ್ಲಿ ಸಿಪ್ಪೆಯೇ ಇರುವುದಿಲ್ಲ, ಇದ್ದರೂ ಸ್ವಲ್ಪ. ಕೆಂಪು ವೈನಿಗೆ ಮೈ ಬರುವುದು ಸಿಪ್ಪೆಯಿಂದ. ಸ್ನೇಹಿತರಲ್ಲಿ ಮನಸ್ತಾಪ ಬಂದೀತು ಎಂಬ ಭಯ ಇದಕ್ಕಿಂತ ಗಟ್ಟಿಯಾದದ್ದು. ಒಬ್ಬರಿಗೆ ವೈನ್ ಕೆಡದಂತೆ ಹಾಕುವ ಸಲ್ಫೈಟ್ ಬೇಡ, ಇನ್ನೊಬ್ಬರಿಗೆ ಓಕ್ ಚೂರು ಹಾಕದೆ ಸಮಾಧಾನವಿಲ್ಲ. ಹಿಂಡುವವರೆಗೆ ಎಲ್ಲರದೂ ಒಂದೇ, ಆಮೇಲೆ ಅಂಥವರ ಪಾಲನ್ನು ಬೇರೆ ಜಾಡಿಯಲ್ಲಿಟ್ಟು ಅವರಿಷ್ಟದಂತೆ ಬೆಳೆಸಲು ಬಿಡುವುದೇ ಸರಿ. ಮನೆಯ ವೈನಿನಲ್ಲಿ ವಿಷಕಾರಿ ಮೆಥನಾಲ್ ಇದ್ದೀತು ಎಂಬ ಭಯಕ್ಕೆ ಮಾತ್ರ ಆಧಾರ ಕಡಿಮೆ: ದ್ರಾಕ್ಷಿ ಹುದುಗಿದಾಗ ಹುಟ್ಟುವುದು ಅಲ್ಪ ಪ್ರಮಾಣ, ಸಾವು ತರುವುದು ಕಲಬೆರಕೆಯ ಮದ್ಯ. ಮಕ್ಕಳಿರುವ ಮನೆಯವರು ಹೆದರಬೇಕಾದದ್ದು ಹುದುಗಿನಿಂದ ಹೊರಬರುವ ಅನಿಲಕ್ಕೆ. ಅದು ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಪಾತ್ರೆಯಿರುವ ಗ್ಯಾರೇಜಿನ ಬಾಗಿಲು ದಿನವೂ ತೆರೆದು ಗಾಳಿಯಾಡಿಸಬೇಕು, ಮಕ್ಕಳನ್ನು ಅಲ್ಲಿ ಆಡಲು ಬಿಡಬಾರದು.

ಇಷ್ಟೆಲ್ಲ ಹೇಳಿದ್ದು ಅಮೆರಿಕದವರಿಗೆ. 1978ರ ಕಾನೂನಿನ ನಂತರ ಅಲ್ಲಿ ಒಬ್ಬ ವಯಸ್ಕರಿರುವ ಮನೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆ 200 ಗ್ಯಾಲನ್ ವೈನನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ, ಭಟ್ಟಿ ಇಳಿಸುವಂತಿಲ್ಲ. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್‌ಗೆ ವೈನ್ ಹಾಕುವ ರೂಢಿ ಇದ್ದರೂ ನಮ್ಮ ರಾಜ್ಯದ 1965ರ ಅಬಕಾರಿ ಕಾಯ್ದೆ ಮದ್ಯ ತಯಾರಿಕೆಗೆ ಪರವಾನಗಿ ಕೇಳುತ್ತದೆ. ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುವ ನಾಡಿನಲ್ಲಿ ಸ್ವಂತ ಬಳಕೆಯ ಒಂದು ಜಾಡಿಗೆ ಸ್ಪಷ್ಟ ರಿಯಾಯಿತಿ ಸಿಗಬೇಕೆಂಬುದು ನನ್ನ ಅಭಿಪ್ರಾಯ.

ಮತ್ತೆ ಕ್ಯಾಲಿಫೋರ್ನಿಯಾದ ಮಾತಿಗೆ ಬಂದರೆ, ಸ್ಯಾನ್ ಹೊಸೆ ಕಡೆಯವರಿಗೆ ಜಿನ್‌ಫಂಡೆಲ್ ದ್ರಾಕ್ಷಿಗೆ ಹೆಸರಾದ ಲೋಡಿ ಕಾರಿನಲ್ಲಿ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಮರಳುವಷ್ಟು ಹತ್ತಿರ. 16 ಕಿಲೋ ಹಿಡಿಯುವ ಕ್ರೇಟು ಮೂರು ತಂದರೆ 23 ಲೀಟರಿನ ಒಂದು ಜಾಡಿ ತುಂಬುತ್ತದೆ. ನಾಲ್ಕು ಮನೆಗೆ ಹನ್ನೆರಡು ಕ್ರೇಟು. ಸಣ್ಣ ಪ್ರಮಾಣಕ್ಕೆ ಹಣ್ಣು ಕೊಡುವ ತೋಟದವರೊಂದಿಗೆ ಜುಲೈನಲ್ಲೇ ಮಾತಾಡಿಟ್ಟುಕೊಳ್ಳಬೇಕು, ಕೊಯ್ಲಿನ ವಾರ ಕೇಳಿದರೆ ಸಿಗುವುದು ಅನುಮಾನ. ಸರದಿಯ ಪಟ್ಟಿಯನ್ನೂ ಆಗಲೇ ಬರೆದುಬಿಡುವುದು ಒಳ್ಳೆಯದು, ನವರಾತ್ರಿಗೆ ಬೊಂಬೆ ಕೂರಿಸುವ ಮನೆಯವರಿಗೆ ಆ ಒಂಬತ್ತು ದಿನ ಬಿಟ್ಟು.