ರೊಕ್ಕ ಕೊಟ್ಟು ತುಳಿದ ಮಣ್ಣುದಾರಿ

ಆ ಪೋಸ್ಟರಿನಲ್ಲಿ ಇದ್ದದ್ದು ಮೂರೇ ಮೂರು ಮಾತು. ಇದು ರೇಸ್ ಅಲ್ಲ. ಯಾರನ್ನೂ ಹಿಂದೆ ಬಿಡುವುದಿಲ್ಲ. ಟಾರು ಮುಟ್ಟದ ದಾರಿಗಳು. ನಂದಿ ಬೆಟ್ಟದ ಬುಡದಲ್ಲಿ ಶುರುವಾಗಿ ಅಲ್ಲೇ ಮುಗಿಯುವ 42 ಕಿಲೋಮೀಟರಿನ ಗ್ರಾವೆಲ್ ರೈಡ್. ಐವತ್ತು ದಾಟಿದ ಮೇಲೆ ಇದೆಲ್ಲ ಬೇಕಾ ಅಂತ ಮನೆಯಲ್ಲಿ ಕೇಳಿದರು. ದುಡ್ಡು ಕಟ್ಟಿಯಾಗಿತ್ತು, ಹೋದೆ. ನಾಟಕ ನೋಡಿ ಬಂದವರು ನಾಟಕದ ವಿಮರ್ಶೆ ಬರೀತಾರೆ, ಹೋಟೆಲಿಗೆ ಹೋಗಿ ಬಂದವರು ದೋಸೆಯ ವಿಮರ್ಶೆ ಬರೀತಾರೆ. ಸೈಕಲ್ ರೈಡಿನ ವಿಮರ್ಶೆ ಯಾಕೆ ಬರೀಬಾರದು? ಅಳತೆಗೋಲು ಹುಡುಕುವ ಕಷ್ಟವೂ ಇಲ್ಲ. ಅವರೇ ಕೊಟ್ಟ ಮೂರು ಮಾತು ಸಾಕು.

ಮೊದಲು ಹೆಸರಿನ ವಿಷಯ. ಗ್ರಾವೆಲ್ ಅನ್ನೋ ಈ ಶೋಕಿ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಅನ್ನುವ ಊರಿನ ಸುತ್ತ 2006ರಿಂದ 200 ಮೈಲಿಯ ಗ್ರಾವೆಲ್ ರೇಸ್ ನಡೀತಾ ಬಂದಿದೆ. ಆ ಸೀಮೆಯ ಹೆಸರೇ ಫ್ಲಿಂಟ್ ಹಿಲ್ಸ್, ಅಂದರೆ ಚಕಮಕಿ ಕಲ್ಲಿನ ಗುಡ್ಡಗಳು. ಅಲ್ಲಿ ನಿಜಕ್ಕೂ ಕಲ್ಲು ಹಾಸಿದ ರಸ್ತೆಗಳಿವೆ, ಆ ಕಲ್ಲು ಟೈರನ್ನು ಕೊಯ್ಯುತ್ತದೆ. ನಮ್ಮ 42 ಕಿಲೋಮೀಟರಿನಲ್ಲಿ ಜಲ್ಲಿ ಸಿಕ್ಕಿದ್ದು ಒಂದೇ ಒಂದು ಕಡೆ, ಅದನ್ನು ಆಮೇಲೆ ಹೇಳ್ತೀನಿ. ಉಳಿದದ್ದೆಲ್ಲ ಕೆಮ್ಮಣ್ಣು, ಬಂಡಿ ಜಾಡು, ದ್ರಾಕ್ಷಿ ತೋಟದ ಬೇಲಿ ಪಕ್ಕದ ಓಣಿ, ನೀಲಗಿರಿ ತೋಪಿನ ಕಾಲುದಾರಿ. ಇರಲಿ. ಮಣ್ಣುದಾರಿ ಅಂದಿದ್ದರೆ ಯಾರೂ ದುಡ್ಡು ಕೊಡುತ್ತಿರಲಿಲ್ಲವೇನೋ.

ಮೊದಲನೇ ಮಾತು, ರೇಸ್ ಅಲ್ಲ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಹತ್ತಿರ ಬೆಳಿಗ್ಗೆ ಆರೂಮುಕ್ಕಾಲಿಗೆ ಅರವತ್ತು ಜನ ಸೇರಿದ್ದೆವು. ಬೆಟ್ಟದ ತಲೆ ಮಂಜಿನೊಳಗೆ ಇತ್ತು. ಪೀಪಿ ಇಲ್ಲ, ಎದೆಗೆ ನಂಬರ್ ಇಲ್ಲ, ಗಡಿಯಾರ ಇಲ್ಲ. ಒಳ್ಳೇದು ಅಂದುಕೊಂಡೆ. ಮುದ್ದೇನಹಳ್ಳಿ ಬರುವಷ್ಟರಲ್ಲಿ ಮುಂದಿನ ಇಪ್ಪತ್ತು ಜನ ಧೂಳಾಗಿ ಕಾಣಿಸುತ್ತಿದ್ದರು. ಸಂಜೆ ಫೋನಿನ ಆ್ಯಪ್ ತೆಗೆದರೆ ನಾವು ಹೋದ ಒಂದು ಏರಿಗೆ ಹೆಸರಿಟ್ಟು, ಯಾರು ಎಷ್ಟು ಸೆಕೆಂಡಿನಲ್ಲಿ ಹತ್ತಿದರು ಅಂತ ಪಟ್ಟಿ ಹಾಕಿತ್ತು. ಆಯೋಜಕರು ಇಡದ ರೇಸನ್ನು ಜನ ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದರು. ಅದಕ್ಕೆ ಆಯೋಜಕರನ್ನು ಬೈಯೋದು ನ್ಯಾಯವಲ್ಲ. ಅರ್ಧ ಅಂಕ ಕೊಡೋಣ.

ಎರಡನೇ ಮಾತಿಗೆ ಪೂರ್ತಿ ಅಂಕ. ಇಂಥ ರೈಡಿನಲ್ಲಿ ಸ್ವೀಪ್ ಅಂತ ಒಬ್ಬರಿರುತ್ತಾರೆ, ಎಲ್ಲರಿಗಿಂತ ಹಿಂದೆ ಬರೋದೇ ಅವರ ಕೆಲಸ. ಹತ್ತನೇ ಕಿಲೋಮೀಟರಿನಿಂದ ಕೊನೆಯವನು ನಾನೇ ಆದ್ದರಿಂದ ಆ ಕೆಲಸ ಹೇಗೆ ನಡೆಯಿತು ಅಂತ ನನಗಿಂತ ಚೆನ್ನಾಗಿ ಹೇಳಬಲ್ಲವರು ಇನ್ನೊಬ್ಬರಿಲ್ಲ. ನಮ್ಮ ಸ್ವೀಪ್ ಇಪ್ಪತ್ತೈದರ ಆಸುಪಾಸಿನ ಹುಡುಗಿ. ಒಮ್ಮೆಯೂ "ಬನ್ನಿ ಸಾರ್, ಆಗುತ್ತೆ" ಅಂತ ಹುರಿದುಂಬಿಸಲಿಲ್ಲ. ನಾನು ಏದುಸಿರು ಬಿಡೋಕೆ ಶುರು ಮಾಡಿದಾಗೆಲ್ಲ ಅವಳಿಗೆ ಚೆಂಡುಹೂವಿನ ಹೊಲದ ಫೋಟೋ ತೆಗೆಯಬೇಕಾಗುತ್ತಿತ್ತು. ನಾಲ್ಕನೇ ಫೋಟೋಕ್ಕೆ ನನಗೆ ಗುಟ್ಟು ಗೊತ್ತಾಯಿತು. ಕೊನೆಯವನ ಮರ್ಯಾದೆ ಉಳಿಸೋದು ಸಣ್ಣ ವಿದ್ಯೆಯಲ್ಲ.

ಅವಳು ಮಾಡಿದ ಇನ್ನೊಂದು ಉಪಕಾರ, ನನ್ನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದು. ಬಾಡಿಗೆ ಸೈಕಲ್ಲು. ಗಟ್ಟಿಯಾಗಿದ್ದಷ್ಟೂ ಒಳ್ಳೇದು ಅಂತ ನಾನು 65 ಪಿಎಸ್ಐ ತುಂಬಿಸಿದ್ದೆ. ಅವಳು ಗಾಳಿ ಬಿಟ್ಟು 35ಕ್ಕೆ ಇಳಿಸಿದಳು. ಗಟ್ಟಿ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತದೆ, ಪುಟಿದಾಗೆಲ್ಲ ನಾವು ತುಳಿದ ಶಕ್ತಿ ಮುಂದಕ್ಕೆ ಹೋಗೋದು ಬಿಟ್ಟು ಮೇಲಕ್ಕೆ ಹೋಗುತ್ತದೆ. ಮೆತ್ತಗಿನ ಟೈರು ಕಲ್ಲನ್ನು ತನ್ನೊಳಗೆ ನುಂಗಿಕೊಂಡು ಮುಂದೆ ಸಾಗುತ್ತದೆ. ಅಲ್ಲಿಂದ ಮುಂದೆ ಸೊಂಟ ನನ್ನದೇ ಅನ್ನಿಸಿತು.

ಅವಳು ಗಾಳಿ ಬಿಡುತ್ತಿದ್ದಾಗ ಟೈರಿನ ಪಕ್ಕೆಯ ಮೇಲೆ ಅಚ್ಚಾಗಿದ್ದ ಅಳತೆ ಓದಿದೆ. 40-622. ಅಗಲ 40 ಮಿಲಿಮೀಟರು, ರಿಮ್ಮಿನ ವ್ಯಾಸ 622. ನಮ್ಮಪ್ಪನ ಹರ್ಕ್ಯುಲಿಸ್ ಸೈಕಲ್ಲಿನ ಟೈರು 28 ಇಂಟು ಒಂದೂವರೆ ಇಂಚು. ಈಗಿನ ಲೆಕ್ಕದಲ್ಲಿ ಬರೆದರೆ 40-635. ಗ್ರಾವೆಲ್ ಬೈಕು ಅಂತ ಹೊಸದಾಗಿ ಮಾರುತ್ತಿರುವ ಅಗಲವೂ, ನಾಡಿನ ಹಾಲಿನವರು, ಪೋಸ್ಟಿನವರು, ಮೇಷ್ಟ್ರುಗಳು ಜೀವಮಾನವಿಡೀ ತುಳಿದ ಅಗಲವೂ ಒಂದೇ. ಇನ್ನೊಂದು ವಿಶೇಷವನ್ನೂ ಅಂಗಡಿಯವನು ನನಗೆ ಹೊಗಳಿ ಹೇಳಿದ್ದ, "ಟೈರ್ ಕ್ಲಿಯರೆನ್ಸ್ ಜಾಸ್ತಿ ಸಾರ್" ಅಂತ. ಚಕ್ರಕ್ಕೂ ಚೌಕಟ್ಟಿಗೂ ನಡುವೆ ಕೆಸರು ಕಟ್ಟಿಕೊಳ್ಳದಷ್ಟು ಜಾಗ. ನಮ್ಮಪ್ಪ ಆ ಜಾಗವನ್ನು ಸ್ಕ್ರೂಡ್ರೈವರಿನಲ್ಲಿ ಮಾಡುತ್ತಿದ್ದ. ಜೂನ್ ಬಂತೆಂದರೆ ಮಡ್‌ಗಾರ್ಡ್ ಎರಡೂ ಬಿಚ್ಚಿ ಅಟ್ಟಕ್ಕೆ, ದೀಪಾವಳಿಗೆ ಮತ್ತೆ ಕೆಳಕ್ಕೆ.

ನಮ್ಮದು ನವಲಗುಂದ ತಾಲೂಕು, ಕರಿ ಎರಿ ಸೀಮೆ. ಮಳೆ ಬಿದ್ದ ಎರಿ ಮಣ್ಣು ಗೊತ್ತಿದ್ದವರಿಗೆ ಗೊತ್ತು, ಹತ್ತು ಹೆಜ್ಜೆಗೆ ಚಕ್ರ ನಿಂತುಬಿಡುತ್ತದೆ. 1984ರ ಮಳೆಗಾಲದಲ್ಲಿ ನನ್ನ ತಂಗಿಗೆ ನಾಲ್ಕು ವರ್ಷ, ಜ್ವರ ನೆತ್ತಿಗೇರಿತ್ತು. ಅಪ್ಪ ಅವಳನ್ನು ಕ್ಯಾರಿಯರ್ ಮೇಲೆ ಕೂರಿಸಿದ, ಅವ್ವ ಹಿಂದಿನಿಂದ ಹಿಡಿದುಕೊಂಡಳು. ಡಾಂಬರು ರಸ್ತೆಗೆ ಏಳು ಕಿಲೋಮೀಟರು, ಕಡ್ಡಿಯಿಂದ ಮಣ್ಣು ಕೆರೆಯುತ್ತ, ತಳ್ಳುತ್ತ, ನಾಲ್ಕು ತಾಸು. ತಂಗಿ ಉಳಿದಳು. ಎಡಗಿವಿ ಉಳಿಯಲಿಲ್ಲ. ಇನ್ನಷ್ಟು ಮೊದಲು ಬಂದಿದ್ದರೆ ಅಂತ ಡಾಕ್ಟರು ಅಂದದ್ದನ್ನು ಅಪ್ಪ ಮನೆಯಲ್ಲಿ ಒಂದೇ ಸಲ ಹೇಳಿದ, ಆಮೇಲೆ ಯಾವತ್ತೂ ಎತ್ತಲಿಲ್ಲ. ಆದರೆ ಪ್ರತಿ ವರ್ಷ ಊರಿನವರ ಪರವಾಗಿ ಒಂದು ಅರ್ಜಿ ಬರೆಯುತ್ತಿದ್ದ. ಡಾಂಬರು ಕೇಳುವ ಧೈರ್ಯವೂ ಆ ಅರ್ಜಿಗೆ ಇರಲಿಲ್ಲ. "ಗರಸರ ಹಾಕಸ್ರಿ" ಅಂತ ಅಷ್ಟೇ. ಗರಸು ಅಂದರೆ ಏನು ಗೊತ್ತೇ? ನಾನು ಬಾಡಿಗೆ ಸೈಕಲ್ಲು ಹತ್ತಿ ಹುಡುಕಿಕೊಂಡು ಹೋದೆನಲ್ಲ, ಅದೇ ಗ್ರಾವೆಲ್.

ಇದನ್ನು ತಲೆಯಲ್ಲಿ ಇಟ್ಟುಕೊಂಡವನು ಮೂರನೇ ಮಾತನ್ನು ಅಳೆಯಬೇಕು. ಟಾರು ಮುಟ್ಟದ ದಾರಿಗಳು.

ಇಪ್ಪತ್ತೇಳನೇ ಕಿಲೋಮೀಟರಿನಲ್ಲಿ ನಮ್ಮ ಮಣ್ಣುದಾರಿ ಒಂದು ಟಾರು ರಸ್ತೆಯನ್ನು ದಾಟಿಕೊಂಡು ಹೋಗಬೇಕಿತ್ತು. ರಸ್ತೆಯ ಅರ್ಧಕ್ಕೆ ರಾಗಿ ತೆನೆ ಹರಡಿದ್ದರು, ಬಸ್ಸು ಲಾರಿ ಹರಿದು ಕಾಳು ಉದುರಲಿ ಅಂತ. ಅಪಾಯ ಅಂತ ಎಲ್ಲರಿಗೂ ಗೊತ್ತು, ಆದರೂ ಕಣ ಮಾಡಿ ಗುಂಡು ಉರುಳಿಸುವ ಎತ್ತು ಈಗ ಎಷ್ಟು ಮನೆಯಲ್ಲಿವೆ? ನಾನು ತೆನೆ ತುಳಿಯಬಾರದು ಅಂತ ಸೈಕಲ್ ಇಳಿದು ಬದಿಯಲ್ಲಿ ತಳ್ಳಿಕೊಂಡು ಹೊರಟೆ. ಪೊರಕೆ ಹಿಡಿದು ಕೂತಿದ್ದ ಅಜ್ಜಿ ನಕ್ಕಿತು.

"ಮೇಲೇ ಹೋಗ್ರಪ್ಪ, ಏನೂ ಆಗಲ್ಲ. ನಿಮ್ ಸೈಕಲ್ಲಿಗೆ ತೂಕ ಎಲ್ಲೈತೆ, ಒಂದ್ ಕಾಳೂ ಉದುರಲ್ಲ."

ಎಲ್ಲಿಂದ ಬಂದಿರಿ ಅಂತ ಕೇಳಿತು. ಹೇಳಿದೆ. "ಆ ಮಣ್ ದಾರೀಲಾ? ಯಾಕೆ, ಆ ಕಡೆ ಟಾರ್ ರೋಡ್ ಐತಲ್ಲ?" ಮಣ್ಣುದಾರಿಯೇ ಬೇಕು ಅಂತ ಬಂದ್ವಿ ಅಜ್ಜಿ, ದುಡ್ಡು ಕೊಟ್ಟು ಬಂದ್ವಿ ಅಂದೆ. ಅಜ್ಜಿ ಪೊರಕೆ ಕೆಳಗಿಟ್ಟಿತು. "ದಾರಿ ನಮ್ದು, ದುಡ್ಡು ಇನ್ಯಾರಿಗೋ ಯಾಕ್ ಕೊಟ್ರಿ?"

ಸ್ವೀಪ್ ಹುಡುಗಿ ಜೋರಾಗಿ ನಕ್ಕಳು. ನಾನೂ ನಕ್ಕೆ. ಉತ್ತರ ಮಾತ್ರ ಇಬ್ಬರ ಹತ್ತಿರವೂ ಇರಲಿಲ್ಲ. 42 ಕಿಲೋಮೀಟರಿನಲ್ಲಿ ಎಷ್ಟೋ ಹಳ್ಳಿ ದಾಟಿದೆವು. ಬಾಳೆಹಣ್ಣು, ನೀರು, ಕಾಫಿ ಎಲ್ಲವೂ ಬೆಂಗಳೂರಿನಿಂದ ಟೆಂಪೋದಲ್ಲಿ ನಮ್ಮ ಹಿಂದೆಯೇ ಬಂದಿತ್ತು. ಒಂದು ಊರಿನ ಅಂಗಡಿಯಲ್ಲಿ ಒಂದು ಲೋಟ ಟೀ ಕುಡಿಯುವ ಪ್ರಸಂಗವನ್ನೂ ರೈಡು ನಮಗೆ ತರಲಿಲ್ಲ.

ಅದಾಗಿ ಒಂದೆರಡು ಕಿಲೋಮೀಟರಿಗೆ ಆ ದಿನದ ಏಕೈಕ ಜಲ್ಲಿ ಸಿಕ್ಕಿತು. ಮಣ್ಣುದಾರಿಯ ಪಕ್ಕದಲ್ಲಿ ಸಾಲಾಗಿ ಸುರಿದ ರಾಶಿಗಳು. ರಸ್ತೆ ಆಗಲಿದೆ. ಕೊನೆಯಲ್ಲಿ ಎಲ್ಲರೂ ಸೇರಿದಾಗ ಆಯೋಜಕ ಹುಡುಗ ನಿಜವಾದ ಸಂಕಟದಲ್ಲಿ ಹೇಳಿದ: "ಮುಂದಿನ ವರ್ಷಕ್ಕೆ ಈ ರೂಟ್ ಸತ್ತೋಯ್ತು." ಸುತ್ತ ನಿಂತವರು ಛೇ ಅಂದರು.

ನನ್ನ ತಕರಾರು ಇರೋದು ಆ ಒಂದು ಛೇ ಬಗ್ಗೆ. ಮಣ್ಣುದಾರಿಯನ್ನು ಉಳಿಸಿಕೊಳ್ಳೋದು ತಪ್ಪು ಅಂತ ಅಲ್ಲ. ಇಟಲಿಯ ಟಸ್ಕನಿಯಲ್ಲಿ 1997ರಲ್ಲಿ ಲೆರೋಯಿಕಾ ಅನ್ನುವ ಸೈಕಲ್ ಜಾತ್ರೆ ಶುರುವಾದದ್ದೇ ಅಲ್ಲಿನ ಬಿಳಿ ಮಣ್ಣಿನ ರಸ್ತೆಗಳು ಡಾಂಬರಿನಡಿ ಮುಚ್ಚಿಹೋಗಬಾರದು ಅಂತ. ಹತ್ತು ವರ್ಷಕ್ಕೆ ಅದೇ ರಸ್ತೆಗಳ ಮೇಲೆ ವೃತ್ತಿಪರರ ರೇಸೂ ಬಂತು. ಆದರೆ ಉಳಿಸಿ ಅಂತ ಹೇಳುವ ದನಿ ಆ ನೆಲದವರದ್ದಾಗಿತ್ತು. ಇಲ್ಲಿನ ನೆಲದ ದನಿ ಬೇರೆ ಏನೋ ಕೇಳುತ್ತಿದೆ. ಸರ್ಕಾರ ಹಳ್ಳಿ ರಸ್ತೆ ಮಾಡುವ ಯೋಜನೆಗೆ "ನಮ್ಮ ಗ್ರಾಮ ನಮ್ಮ ರಸ್ತೆ" ಅಂತ ಹೆಸರಿಟ್ಟಿದೆ. ಅಲ್ಲಿನ "ನಮ್ಮ" ಒಳಗೆ ಆ ಅಜ್ಜಿ ಇದ್ದಾಳೆ. ನಾವು "ನಮ್ಮ ರೂಟ್" ಅಂದಾಗ ಅವಳು ಫೋಟೋದ ಹಿನ್ನೆಲೆಯಾಗುತ್ತಾಳೆ.

ನೀಲಗಿರಿ ತೋಪಿನ ಸದ್ದಿಲ್ಲದ ದಾರಿಯಲ್ಲಿ ಎಲೆ ತುಳಿದುಕೊಂಡು ಹೋದ ಆ ಅರ್ಧ ಗಂಟೆ ನನಗೂ ಖುಷಿ ಕೊಟ್ಟಿತು, ಸುಳ್ಳು ಹೇಳಲ್ಲ. ಆದರೆ ಮಣ್ಣುದಾರಿಯ ಖುಷಿ ವಾಪಸ್ ಹೋಗೋಕೆ ಟಾರು ರಸ್ತೆ ಇದ್ದವರಿಗೆ. ಅಷ್ಟು ಗೊತ್ತಿದ್ದರೆ ಸಾಕು, ಖುಷಿಪಡಬಹುದು. ತನ್ನ ದಾರಿಗೆ ಟಾರು ಬಿದ್ದಾಗ ಬೇಸರಪಡದ ರೈಡನ್ನು ನಾನು ಒಳ್ಳೆಯ ರೈಡು ಅಂತೀನಿ. ಟೆಂಪೋ ಬಿಟ್ಟು ಊರಿನ ಅಂಗಡಿಯಲ್ಲಿ ಟೀ ಕುಡಿಸಿ, ಹೊರಡುವ ಮುಂಚೆ ಈ ದಾರಿಯಲ್ಲಿ ದಿನಾ ಓಡಾಡುವವರು ಯಾರು ಅಂತ ಎರಡು ಮಾತು ಹೇಳಿ. ಮೂರನೇ ಮಾತಿಗೆ ಅಂಕ ಆಗ ಕೊಡ್ತೀನಿ.

ಸಂಜೆ ತಂಗಿಗೆ ಫೋಟೋ ಕಳಿಸಿದೆ. ಕೆಸರಾದ ಚಕ್ರ, ಹಿಂದೆ ನಂದಿ ಬೆಟ್ಟ. ಫೋನ್ ಮಾಡಿದಳು, ಬಲಗಿವಿಗೆ ಹಿಡಿದುಕೊಂಡು ಮಾತಾಡುತ್ತಾಳೆ ಅವಳು. "ಅಪ್ಪಗ ತೋರಿಸಬ್ಯಾಡ ಮಾರಾಯ. ರೊಕ್ಕ ಕೊಟ್ಟು ಕೆಸರಾಗ ಹೋಗಿದ್ದಿ ಅಂದ್ರ ಈ ವಯಸ್ಸಿನಾಗೂ ಎದ್ದು ಬಂದು ಹೊಡೀತಾನ."

ಮುಂದಿನ ವರ್ಷವೂ ಹೋಗ್ತೀನಿ. ಆ ಹುಡುಗಿಯೇ ಸ್ವೀಪ್ ಆಗಿರಲಿ. ದಾರಿ ಮಾತ್ರ ಬೇರೆ ಇರಲಿ.